ಅಸ್ಥಿರಂಧ್ರತೆ ಹಾಗೂ ಹೃದ್ರೋಗ: ಸಾರ್ವಜನಿಕರ ಮಾಹಿತಿಗಾಗಿ

ಅಸ್ಥಿರಂಧ್ರತೆ ಅಥವಾ ಆಸ್ಟಿಯೋಪೊರೋಸಿಸ್ ಎಂಬುದು ಮೂಳೆಯ ಖನಿಜಾಂಶ ಕ್ಷೀಣಿಸಿ, ಒಳರಚನೆ ಸಡಿಲಗೊಂಡು, ಅಲ್ಪ ಪೆಟ್ಟಿಗೂ ಮೂಳೆ ಮುರಿಯುವ ದೀರ್ಘಕಾಲಿಕ ವ್ಯಾಧಿಯಾಗಿರುತ್ತದೆ. ವಾಡಿಕೆಯಲ್ಲಿ ಇದನ್ನೂ ಮಂಡಿಯ ಸಂಧಿವಾತವನ್ನೂ 'ಮೂಳೆ ಸವೆತ' ಎಂದೇ ಕರೆಯುವುದರಿಂದ ಗೊಂದಲ ಉಂಟಾಗುತ್ತದೆ. ಇವೆರಡೂ ಬೇರೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ 1994ರ ಮಾನದಂಡದಂತೆ, ಡೆಕ್ಸಾ ಪರೀಕ್ಷೆಯಲ್ಲಿ ಟಿ-ಸ್ಕೋರ್ -2.5 ಅಥವಾ ಅದಕ್ಕಿಂತ ಕಡಿಮೆ ಇದ್ದಲ್ಲಿ ಈ ವ್ಯಾಧಿಯಿದೆಯೆಂದು ಪರಿಗಣಿಸಲಾಗುತ್ತದೆ. ಇಂತಹವರಲ್ಲಿ ಹೃದಯಾಘಾತ ಹಾಗೂ ಪಾರ್ಶ್ವವಾಯುವಿನ ಸಂಭವವೂ ಹೆಚ್ಚಾಗಿರುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ.

ಸಂಬಂಧದ ಸ್ವರೂಪ

ವೃದ್ಧಾಪ್ಯ, ಧೂಮಪಾನ, ಮಧುಮೇಹ, ದೈಹಿಕ ಚಟುವಟಿಕೆಯ ಅಭಾವ ಮತ್ತು ಮಹಿಳೆಯರಲ್ಲಿ ಋತುಬಂಧದ ನಂತರದ ಈಸ್ಟ್ರೋಜನ್ ಕುಸಿತ, ಇವು ಎರಡೂ ವ್ಯಾಧಿಗಳಿಗೆ ಸಮಾನ ಕಾರಣಗಳು. ಆದರೆ ವಿಷಯ ಇಷ್ಟಕ್ಕೇ ಮುಗಿಯುವುದಿಲ್ಲ. ರಕ್ತನಾಳದ ಗೋಡೆಯಲ್ಲಿ ಸುಣ್ಣದಂಶ ಶೇಖರಗೊಳ್ಳುವುದು ಕೇವಲ ಮುಪ್ಪಿನ ಲಕ್ಷಣವೆಂದು ಹಿಂದೆ ಭಾವಿಸಲಾಗಿತ್ತು. ಅಲ್ಲಿನ ಸ್ನಾಯುಕೋಶಗಳು ಮೂಳೆ ಕಟ್ಟುವ ಕೋಶಗಳಂತೆ ವರ್ತಿಸತೊಡಗುತ್ತವೆ ಎಂಬುದು ಈಗ ತಿಳಿದಿದೆ. ಆಸ್ಟಿಯೋಪ್ರೊಟೆಜೆರಿನ್ ಎಂಬ ಪ್ರೋಟೀನು ಇಲ್ಲದಂತೆ ಮಾಡಿದ ಇಲಿಗಳ ಮೂಳೆಗಳು ಟೊಳ್ಳಾದವು, ಅದೇ ಇಲಿಗಳ ಮಹಾಪಧಮನಿ ಗಡಸಾಯಿತು ಎಂಬುದು 1998ರಲ್ಲಿ ವರದಿಯಾಯಿತು. ಮೂಳೆಯಲ್ಲಿ ಇರಬೇಕಾದ ಸುಣ್ಣ ನಾಳದಲ್ಲಿ ಕೂರುವ ಈ ವೈಪರೀತ್ಯವು ದೀರ್ಘಕಾಲದ ಮೂತ್ರಪಿಂಡ ರೋಗಿಗಳಲ್ಲಿ ಅತ್ಯಂತ ತೀವ್ರವಾಗಿರುತ್ತದೆ. ಅವರಲ್ಲಿ ರಂಜಕದ ಪ್ರಮಾಣ ಏರುವುದು ಇದಕ್ಕೆ ಮುಖ್ಯ ಕಾರಣ. ಹಾಗೆಂದು, ಮೂಳೆ ದುರ್ಬಲವಾಗಿರುವ ಪ್ರತಿಯೊಬ್ಬರಿಗೂ ಹೃದ್ರೋಗ ಬರುತ್ತದೆಂದು ಅರ್ಥವಲ್ಲ.

ಮಹಾಪಧಮನಿಯ ಸುಣ್ಣ ಹಾಗೂ ಬೆನ್ನುಮೂಳೆಯ ಸಂಧಿವಾತದಿಂದ ಡೆಕ್ಸಾ ವರದಿಯಲ್ಲಿ ಬೆನ್ನಿನ ಸಾಂದ್ರತೆ ವಾಸ್ತವಕ್ಕಿಂತ ಹೆಚ್ಚಾಗಿ ತೋರಬಹುದು. ಫ್ಲೋರೋಸಿಸ್ ಪೀಡಿತರಲ್ಲಿ ಸಾಂದ್ರತೆ ನಿಜಕ್ಕೂ ಹೆಚ್ಚಿದ್ದರೂ ಮೂಳೆ ಗಟ್ಟಿಯಾಗಿರುವುದಿಲ್ಲ. ಆದ್ದರಿಂದ ಸೊಂಟದ ಅಳತೆಯನ್ನೂ ನೋಡುವುದು ಸೂಕ್ತ.

ಔಷಧಗಳ ಬಗ್ಗೆ

ಸಾರ್ವಜನಿಕರು ಹೆಚ್ಚು ಗಮನಿಸಬೇಕಾದುದು ಈ ಭಾಗವನ್ನು. ಮೂಳೆ ನೋವಿಗೆಂದು ಔಷಧ ಅಂಗಡಿಯಿಂದ ನೇರವಾಗಿ ಪಡೆದು ತಿಂಗಳುಗಟ್ಟಲೆ ಸೇವಿಸುವ ನೋವುನಿವಾರಕಗಳು ಹೃದಯಕ್ಕೆ ಹಾನಿಕರ. ರೋಫೆಕಾಕ್ಸಿಬ್ ಮಾತ್ರೆಯನ್ನು ಈ ಕಾರಣಕ್ಕಾಗಿಯೇ 2004ರಲ್ಲಿ ಜಗತ್ತಿನಾದ್ಯಂತ ಹಿಂಪಡೆಯಲಾಯಿತು. ಡೈಕ್ಲೋಫೆನಾಕ್ ಬಗ್ಗೆ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಎಚ್ಚರಿಕೆ ನೀಡಿದೆ. ಹೃದ್ರೋಗವುಳ್ಳವರು ಅದನ್ನು ಬಳಸಬಾರದು. ಸ್ಟೀರಾಯ್ಡ್ ಮಾತ್ರೆಗಳು ಮೂಳೆಯನ್ನೂ ಕ್ಷೀಣಿಸುತ್ತವೆ, ರಕ್ತದೊತ್ತಡ ಹಾಗೂ ಸಕ್ಕರೆಯನ್ನೂ ಏರಿಸುತ್ತವೆ. ಆದರೆ ದೀರ್ಘಕಾಲ ಸೇವಿಸಿದವರು ಅವನ್ನು ಹಠಾತ್ತನೆ ನಿಲ್ಲಿಸತಕ್ಕದ್ದಲ್ಲ.

ಕ್ಯಾಲ್ಸಿಯಂ ಮಾತ್ರೆಗಳಿಂದ ಹೃದಯಾಘಾತ ಹೆಚ್ಚಬಹುದೆಂಬ ವಿಶ್ಲೇಷಣೆ 2010ರಲ್ಲಿ ಪ್ರಕಟವಾದಾಗ ಅನೇಕರು ಭಯಗೊಂಡು ಮಾತ್ರೆ ಬಿಟ್ಟರು. ಅನಂತರದ ಅಧ್ಯಯನಗಳ ಫಲಿತಾಂಶ ಏಕರೂಪವಾಗಿಲ್ಲ. ಆಹಾರದಿಂದ ದೊರೆಯುವ ಕ್ಯಾಲ್ಸಿಯಂ ಕುರಿತು ಇಂತಹ ಆತಂಕವಿಲ್ಲ. ವಯಸ್ಕರಿಗೆ ದಿನಕ್ಕೆ 1000 ಮಿ.ಗ್ರಾಂ ಅವಶ್ಯಕ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ, ಒಂದು ಲೋಟ ಹಾಲಿನಲ್ಲಿ ಸುಮಾರು 240 ಮಿ.ಗ್ರಾಂ ಇರುತ್ತದೆ. ಉಳಿದ ಕೊರತೆಗೆ ಮಾತ್ರ ವೈದ್ಯರ ಸಲಹೆಯಂತೆ ಮಾತ್ರೆ ಸೇವಿಸಬಹುದು.

ರೋಮೊಸೊಜುಮಾಬ್ ಎಂಬ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2019ರಲ್ಲಿ ಅನುಮೋದನೆ ನೀಡುವಾಗಲೇ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಎಚ್ಚರಿಕೆಯನ್ನು ಲಗತ್ತಿಸಲಾಗಿದೆ. ಹಿಂದಿನ ಒಂದು ವರ್ಷದೊಳಗೆ ಇವೆರಡರಲ್ಲಿ ಯಾವುದಾದರೂ ಸಂಭವಿಸಿದ್ದಲ್ಲಿ ರೋಗಿಯು ವೈದ್ಯರಿಗೆ ತಪ್ಪದೇ ತಿಳಿಸತಕ್ಕದ್ದು.

ಸೊಂಟದ ಮೂಳೆ ಮುರಿದಾಗ

ವಯೋವೃದ್ಧರಲ್ಲಿ ಸೊಂಟದ ಮೂಳೆ ಮುರಿತವು ತುರ್ತು ಪ್ರಕರಣ. ಹಾಸಿಗೆ ಹಿಡಿದವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶ ಸೇರುವ, ಹೃದಯಾಘಾತವಾಗುವ ಅಪಾಯವಿದೆ. ಸಾಧ್ಯವಾದಲ್ಲಿ 48 ಗಂಟೆಗಳೊಳಗೆ ಶಸ್ತ್ರಚಿಕಿತ್ಸೆ ಆಗುವುದು ಉತ್ತಮ. ಎಣ್ಣೆ ತಿಕ್ಕಿಸುವುದು, ಪಟ್ಟು ಹಾಕಿಸುವುದು ಎಂದು ಕಳೆಯುವ ದಿನಗಳಿಗೆ ರೋಗಿಯೇ ಬೆಲೆ ತೆರಬೇಕಾಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದಲ್ಲಿ ಅದರ ಚೀಟಿಯನ್ನು ಜೊತೆಗೆ ತರಬೇಕು.

ಲಭ್ಯವಿರುವ ಸೇವೆಗಳು

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂ.ವರೆಗೆ ಚಿಕಿತ್ಸಾ ಸೌಲಭ್ಯವಿದೆ. ಪಡಿತರ ಚೀಟಿ ಹಾಗೂ ಆಧಾರ್ ಅವಶ್ಯಕ. ತುರ್ತಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಲಭ್ಯವಿಲ್ಲದಿದ್ದಲ್ಲಿ ಶಿಫಾರಸು ಪತ್ರ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ತೆರಳಬಹುದು. ಎದೆನೋವು ಕಾಣಿಸಿದಲ್ಲಿ 108ಕ್ಕೆ ಕರೆ ಮಾಡತಕ್ಕದ್ದು.

ಅಂಗವೈಕಲ್ಯ ಪ್ರಮಾಣ ಪತ್ರಕ್ಕೆ ಅರ್ಜಿ ಸಲ್ಲಿಸುವವರು ಒಂದು ಅಂಶ ಗಮನಿಸಬೇಕು. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ 21 ಬಗೆಯ ವೈಕಲ್ಯಗಳಲ್ಲಿ ಅಸ್ಥಿರಂಧ್ರತೆಯಾಗಲೀ ಹೃದ್ರೋಗವಾಗಲೀ ಪ್ರತ್ಯೇಕವಾಗಿ ಸೇರಿಲ್ಲ. ಮುರಿತದಿಂದ ಚಲನೆಗೆ ಶಾಶ್ವತ ತೊಡಕು ಉಂಟಾಗಿದ್ದಲ್ಲಿ ಮಾತ್ರ, ಚಲನವೈಕಲ್ಯದ ಅಡಿ ಶೇಕಡಾವಾರು ಪ್ರಮಾಣ ನಿಗದಿಯಾಗುತ್ತದೆ. ಬಹುತೇಕ ಸೌಲಭ್ಯಗಳಿಗೆ ಕನಿಷ್ಠ ಶೇ. 40 ಇರಬೇಕು. ಅರ್ಜಿದಾರರು ಡೆಕ್ಸಾ ವರದಿಯನ್ನಷ್ಟೇ ಲಗತ್ತಿಸದೆ, ಮುರಿತದ ಎಕ್ಸ್-ರೇ ಹಾಗೂ ಆಸ್ಪತ್ರೆಯ ಬಿಡುಗಡೆ ಪತ್ರವನ್ನೂ ತಪಾಸಣೆಯ ದಿನ ಹಾಜರುಪಡಿಸತಕ್ಕದ್ದು.