ಕೋರ್ಟ್ ನಾಶ ಮಾಡಿ ಎಂದರೂ ಉಳಿದ ಭೂತ

ರಾತ್ರಿ ಮೊಬೈಲಿನಲ್ಲಿ ಹಳೆಯ ದೆವ್ವದ ಸಿನಿಮಾ ಹುಡುಕುವ ಚಟ ಇರುವವರಿಗೆ ‘ನೊಸ್ಫೆರಾಟು’ ಎಂಬ ಹೆಸರು ಒಮ್ಮೆಯಾದರೂ ಎದುರಾಗಿರುತ್ತದೆ. ಬೋಳು ತಲೆ, ಚೂಪು ಕಿವಿ, ಇಲಿಯಂತೆ ಮುಂದಿನ ಎರಡು ಹಲ್ಲು, ಉದ್ದನೆಯ ಉಗುರು. ಮಾತಿಲ್ಲದ ಈ ಸಿನಿಮಾ 1922ರ ಮಾರ್ಚ್ 4ರಂದು ಬರ್ಲಿನ್‌ನಲ್ಲಿ ಮೊದಲ ಪ್ರದರ್ಶನ ಕಂಡಿತು. ನಿರ್ದೇಶಕ ಎಫ್.ಡಬ್ಲ್ಯೂ. ಮುರ್ನೌ. ಭೂತವಾದವನು ಮ್ಯಾಕ್ಸ್ ಶ್ರೆಕ್.

ತಯಾರಿಸಿದ ಕಂಪನಿಯ ಹೆಸರು ಕೇಳಿದರೆ ನಿಮಗೂ ಅಚ್ಚರಿಯಾದೀತು: ಪ್ರಾಣಾ ಫಿಲ್ಮ್. ಹೌದು, ನಾವು ಉಸಿರಿಗೆ ಹೇಳುವ ಅದೇ ಪ್ರಾಣ. ನಿರ್ಮಾಪಕ ಆಲ್ಬಿನ್ ಗ್ರೌ ಅವರಿಗೆ ನಿಗೂಢ ವಿದ್ಯೆಗಳ ಗೀಳಿತ್ತು.

ಕಥೆ ಮಾತ್ರ ಅವರದಲ್ಲ. ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ‘ಡ್ರಾಕುಲಾ’ ಕಾದಂಬರಿಯನ್ನು ಅನುಮತಿ ಇಲ್ಲದೆ ಎತ್ತಿಕೊಂಡಿದ್ದರು. ಡ್ರಾಕುಲಾನನ್ನು ಓರ್ಲಾಕ್ ಎಂದು ಬದಲಿಸಿದರು, ಲಂಡನ್ ಬದಲು ಜರ್ಮನಿಯ ಊರು ತಂದರು. ಆದರೆ ಕಥೆ ಯಾವ ಪುಸ್ತಕದ್ದು ಎಂದು ಪರದೆಯ ಮೇಲೆ ತಾವೇ ಹಾಕಿಕೊಂಡರು!

ಸ್ಟೋಕರ್ 1912ರಲ್ಲೇ ತೀರಿಕೊಂಡಿದ್ದರು. ಪುಸ್ತಕದ ಹಕ್ಕು ಹೆಂಡತಿ ಫ್ಲಾರೆನ್ಸ್ ಅವರದ್ದಾಗಿತ್ತು. ಅವರು ಕೇಸು ಹಾಕಿದರು. ಅಷ್ಟರಲ್ಲಿ ಪ್ರಾಣಾ ಕಂಪನಿ ದಿವಾಳಿಯಾಗಿತ್ತು, ದುಡ್ಡು ಹುಟ್ಟುವ ದಾರಿ ಇರಲಿಲ್ಲ. ಹಾಗಾದರೆ ಸಿನಿಮಾವೇ ಇರಬಾರದು ಎಂದು ಪಟ್ಟು ಹಿಡಿದರು. 1925ರಲ್ಲಿ ಜರ್ಮನಿಯ ಕೋರ್ಟ್ ಎಲ್ಲ ಪ್ರತಿಗಳನ್ನೂ ನಾಶ ಮಾಡಲು ಆದೇಶಿಸಿತು.

ಫ್ಲಾರೆನ್ಸ್ ಅವರನ್ನು ಖಳನಾಯಕಿ ಮಾಡುವುದು ಸುಲಭ. ಆದರೆ ಗಂಡನ ಪುಸ್ತಕವನ್ನು ಯಾರೋ ಕೇಳದೆ ಬಳಸಿದಾಗ ಆ ವಿಧವೆ ಸುಮ್ಮನಿರಬೇಕಿತ್ತೇ? ನ್ಯಾಯ ಅವರ ಕಡೆಯೇ ಇತ್ತು ಎನ್ನುವುದು ನಮ್ಮ ಅನಿಸಿಕೆ. ಆದರೂ ಸಿನಿಮಾ ಉಳಿದಿದ್ದು ಒಳ್ಳೆಯದೇ ಆಯಿತು.

ಉಳಿದದ್ದು ಹೇಗೆ? ಆದೇಶ ಬರುವ ಮೊದಲೇ ಕೆಲವು ಪ್ರತಿಗಳು ಜರ್ಮನಿಯ ಗಡಿ ದಾಟಿದ್ದವು. ಮೂಲ ನೆಗೆಟಿವ್ ಇಂದಿಗೂ ಸಿಕ್ಕಿಲ್ಲ. ಬೇರೆ ಬೇರೆ ದೇಶಗಳಲ್ಲಿ ಉಳಿದ ತುಂಡುಗಳನ್ನು ಜೋಡಿಸಿದ್ದರಿಂದಲೇ ನಾವು ಇಂದು ಪೂರ್ತಿ ನೋಡುತ್ತಿದ್ದೇವೆ.

ಇಲ್ಲೊಂದು ತಮಾಷೆ ಇದೆ. ಬರೀ ಕಪ್ಪು ಬಿಳುಪಿನ ಪ್ರತಿಯಲ್ಲಿ ಓರ್ಲಾಕ್ ಹಾಡಹಗಲೇ ಶವಪೆಟ್ಟಿಗೆ ಹೊತ್ತು ನಡೆಯುತ್ತಾನೆ. ಬಿಸಿಲಿಗೆ ಸಾಯುವ ಭೂತ ಹಗಲಲ್ಲಿ ಓಡಾಡುವುದೇ ಎಂದು ನಾವೂ ಮೊದಲು ನಕ್ಕಿದ್ದೆವು. ಆಗ ರಾತ್ರಿಯ ದೃಶ್ಯಗಳನ್ನು ಹಗಲಲ್ಲೇ ತೆಗೆದು, ಆಮೇಲೆ ರೀಲಿಗೆ ನೀಲಿ ಬಣ್ಣ ಹಾಕುತ್ತಿದ್ದರು. ಪ್ರತಿಯ ಪ್ರತಿ ಮಾಡುವಾಗ ಬಣ್ಣ ಹೋಯಿತು, ರಾತ್ರಿ ಹಗಲಾಯಿತು. ಫ್ರಾನ್ಸ್‌ನಲ್ಲಿ ಉಳಿದ ಬಣ್ಣದ ಪ್ರತಿಯೊಂದರ ನೆರವಿನಿಂದ ಆ ನೀಲಿ ರಾತ್ರಿಯನ್ನು ಮತ್ತೆ ತಂದಿದ್ದಾರೆ. ಹುಡುಕುವಾಗ ಅದನ್ನೇ ಹುಡುಕಿ.

ಅಂದಹಾಗೆ, ಬಿಸಿಲು ಬಿದ್ದರೆ ರಕ್ತ ಹೀರುವ ಭೂತ ಸಾಯುತ್ತದೆ ಎಂಬುದು ಸ್ಟೋಕರ್ ಪುಸ್ತಕದಲ್ಲಿಲ್ಲ. ಅಲ್ಲಿ ಡ್ರಾಕುಲಾ ಹಗಲಲ್ಲೂ ತಿರುಗುತ್ತಾನೆ. ಆ ಸಾವು ಈ ಸಿನಿಮಾದ ಕೊಡುಗೆ. ಕೋಳಿ ಕೂಗುತ್ತದೆ, ಸೂರ್ಯ ಹುಟ್ಟುತ್ತಾನೆ, ಓರ್ಲಾಕ್ ಹೊಗೆಯಾಗುತ್ತಾನೆ. ಕೋಳಿ ಕೂಗಿದರೆ ದೆವ್ವ ಓಡುತ್ತದೆ ಎಂದು ಅಜ್ಜಿಯಿಂದ ಕೇಳಿದ ನಮಗೆ ಅದು ಹೊಸದೇನಲ್ಲ. ಅವನ ಹಡಗಿನಲ್ಲಿ ಇಲಿಗಳು ಬಂದು, ಊರಿಗೆ ಪ್ಲೇಗ್ ಬಡಿದು, ಬೀದಿಯಲ್ಲಿ ಶವಪೆಟ್ಟಿಗೆಗಳು ಸಾಲಾಗಿ ಹೋಗುವ ದೃಶ್ಯವೂ ಪ್ಲೇಗಮ್ಮನ ಗುಡಿ ಕಟ್ಟಿದ ನಾಡಿನವರಿಗೆ ದೂರದ್ದಲ್ಲ.

ಇದೆಲ್ಲ ಬರೆಯುವಾಗ ನಮ್ಮದೇ ಒಂದು ಸಿನಿಮಾ ನೆನಪಾಗುತ್ತದೆ. ತೆರೆಕಂಡ ಮೊದಲ ಕನ್ನಡ ಮಾತಿನ ಚಿತ್ರ ‘ಸತಿ ಸುಲೋಚನ’, 1934ರದ್ದು. ಅದನ್ನು ನಾಶ ಮಾಡಿ ಎಂದು ಯಾವ ಕೋರ್ಟೂ ಹೇಳಿರಲಿಲ್ಲ. ಆದರೂ ಇಂದು ನೋಡಲು ಒಂದು ಪ್ರತಿಯೂ ಇಲ್ಲ.

ನಿಮ್ಮ ಮನೆಯ ಅಟ್ಟದಲ್ಲಿ ಊರ ನಾಟಕದ್ದೋ, ಬಯಲಾಟದ್ದೋ ಹಳೆಯ ಕ್ಯಾಸೆಟ್, ಸಿಡಿ ಇದ್ದರೆ ಈ ವಾರವೇ ತೆಗೆದು ನೋಡಿ. ಇನ್ನೊಂದು ಪ್ರತಿ ಮಾಡಿಸಿ, ಬೇರೆ ಊರಿನ ನೆಂಟರ ಮನೆಯಲ್ಲೂ ಒಂದು ಇಡಿ.