ಕೊಪ್ಪಳ ಕೋಟೆ: ಪುನರ್ನಿರ್ಮಾಣದ ಎರಡು ಅರ್ಥಗಳು

ಪುನರ್ನಿರ್ಮಿತ ಕೋಟೆ, ಅರಮನೆಗಳ ಅಧ್ಯಯನದಲ್ಲಿ ಸ್ಥಳದ ಕಾಲವನ್ನೂ ಕಟ್ಟಡದ ಕಾಲವನ್ನೂ ಬೇರ್ಪಡಿಸಿ ನೋಡಬೇಕಾಗುತ್ತದೆ. ಕೊಪ್ಪಳ ಇದಕ್ಕೊಂದು ನಿದರ್ಶನ. ಗವಿಮಠ ಹಾಗೂ ಪಾಲ್ಕಿಗುಂಡುಗಳ ಅಶೋಕನ ಶಾಸನಗಳು ಈ ಸ್ಥಳದ ಪ್ರಾಚೀನತೆಯನ್ನು ಕ್ರಿ.ಪೂ. 3ನೆಯ ಶತಮಾನಕ್ಕೆ ಒಯ್ಯುತ್ತವೆ. ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ‘ಕವಿರಾಜಮಾರ್ಗ’ವು ಕೊಪಣವನ್ನು ಹೆಸರಿಸುತ್ತದೆ. ಆದರೆ ಇಂದು ಕಾಣುವ ಕೋಟೆಯ ರೂಪ ಬಹುಮಟ್ಟಿಗೆ 18ನೆಯ ಶತಮಾನದ ಕೊನೆಯದು. 1786ರಲ್ಲಿ ಪಾಳೆಯಗಾರನಿಂದ ಕೋಟೆಯನ್ನು ಪಡೆದ ಟಿಪ್ಪು ಸುಲ್ತಾನನು ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಅದನ್ನು ಪುನಃ ಕಟ್ಟಿಸಿದನು. ಆಗ ಬೇಕಾಗಿದ್ದುದು ಯುದ್ಧಕ್ಕೆ ತಕ್ಕ ಬಲ. 1790-91ರಲ್ಲಿ ಬ್ರಿಟಿಷ್ ಹಾಗೂ ನಿಜಾಮನ ಸೇನೆಗಳು ತಿಂಗಳುಗಟ್ಟಲೆ ಮುತ್ತಿಗೆ ಹಾಕಬೇಕಾಯಿತೆಂಬುದು ಆ ಬಲಕ್ಕೆ ಸಾಕ್ಷಿ.

ವಿದೇಶ ಪ್ರವಾಸಿಗರು ನೋಡುವ ಪೋಲೆಂಡಿನ ವಾರ್ಸಾ ಅರಮನೆಯ ಸಂಗತಿ ಬೇರೆ. 1944ರಲ್ಲಿ ಜರ್ಮನ್ ಸೇನೆ ಸ್ಫೋಟಿಸಿದ ಆ ಅರಮನೆಯನ್ನು 1971ರಿಂದ 1984ರವರೆಗೆ, ಉಳಿಸಿಕೊಂಡ ಅವಶೇಷಗಳನ್ನೂ ಹಳೆಯ ಚಿತ್ರಗಳನ್ನೂ ಆಧರಿಸಿ ಮೊದಲಿನ ರೂಪದಲ್ಲಿಯೇ ಕಟ್ಟಲಾಯಿತು. ಅಲ್ಲಿ ಕಳೆದುಹೋದ ರೂಪವೇ ಗುರಿಯಾಗಿತ್ತು. ಕೊಪ್ಪಳದಲ್ಲಿ ಕಾಲದ ಅಗತ್ಯವೇ ರೂಪವನ್ನು ಬದಲಿಸಿತು.

ಆದುದರಿಂದ ಕೊಪ್ಪಳದ ಸಂರಕ್ಷಣೆಯಲ್ಲಿ ‘ಮೂಲ’ ಕೋಟೆಯನ್ನು ಅರಸುತ್ತ 1786ರ ಬಳಿಕದ ಕಟ್ಟಡವನ್ನು ಕೆಡಿಸುವುದು ಯುಕ್ತವೆನಿಸದು. ಆ ಪುನರ್ನಿರ್ಮಾಣವೂ ಸ್ವತಃ ಇತಿಹಾಸದ ದಾಖಲೆಯೇ ಆಗಿದೆ.