ಮೂಲೆಯಲ್ಲಿನ ಸಹಿ

ಬೈಲಹೊಂಗಲದ ನಮ್ಮಜ್ಜಿಯ ಮನೆಯ ದೇವರ ಜಗಲಿ ಮೇಲೆ ಗಾಜು ಹಾಕಿಸಿದ ಒಂದು ರಾಧಾಕೃಷ್ಣರ ಪಟವಿತ್ತು. ಮೂಲದಲ್ಲಿ ಅದು ಹತ್ತಿ ಅಡತಿ ಅಂಗಡಿಯವರು ಕೊಟ್ಟ ಕ್ಯಾಲೆಂಡರ್. ವರ್ಷ ಮುಗಿದ ಮೇಲೆ ತಾರೀಕಿನ ಹಾಳೆ ಹರಿದು, ದೇವರನ್ನಷ್ಟೇ ಉಳಿಸಿಕೊಂಡಿದ್ದರು. ಕೆಳಗಿನ ಮೂಲೆಯಲ್ಲಿ ಇಂಗ್ಲಿಷಿನಲ್ಲೊಂದು ಸಹಿ: ಎಸ್.ಎಂ. ಪಂಡಿತ್. ಸಂಶೋಧನೆಗೆ ಸೇರುವವರೆಗೂ ನಾನದನ್ನು ಓದಿರಲಿಲ್ಲ.

ಸಾಂಬಾನಂದ ಮೋನಪ್ಪ ಪಂಡಿತರು ಹುಟ್ಟಿದ್ದು 1916ರಲ್ಲಿ, ಕಲಬುರಗಿಯಲ್ಲಿ. ಮದರಾಸು, ಮುಂಬಯಿಗಳಲ್ಲಿ ಚಿತ್ರಕಲೆ ಕಲಿತರು. ಮುಂಬಯಿಯಲ್ಲಿ ಹಾಲಿವುಡ್ ಸಿನಿಮಾಗಳಿಗೆ ಪ್ರಚಾರ ಫಲಕಗಳನ್ನೂ, ಬಾಬುರಾವ್ ಪಟೇಲರ ‘ಫಿಲ್ಮ್‌ಇಂಡಿಯಾ’ ಪತ್ರಿಕೆಗೆ ಮುಖಪುಟಗಳನ್ನೂ ಬರೆದರು. ಆಮೇಲೆ ಪುರಾಣಗಳತ್ತ ಹೊರಳಿದಾಗ ಆ ಸಿನಿಮಾದ ಬೆಳಕು ಅವರ ಕುಂಚದ ಜೊತೆಗೇ ಬಂತು. ತಾರೆಯರ ಮುಖದ ಮೇಲೆ ಬೀಳುತ್ತಿದ್ದ ಹೊಳಪು ರಾಧೆಯ ಕೆನ್ನೆಗೆ, ದಮಯಂತಿಯ ಸೆರಗಿಗೆ ಇಳಿಯಿತು.

ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ತೆರೆದ ಕಲ್ಲಚ್ಚಿನ ಮುದ್ರಣಾಲಯ ದೇವರನ್ನು ಕೊಳ್ಳಬಹುದಾದ ಪಟವಾಗಿಸಿತ್ತು. ಪಂಡಿತರ ಕಾಲದ ಕ್ಯಾಲೆಂಡರ್ ಅದನ್ನು ಪುಕ್ಕಟೆ ಮಾಡಿತು. ಗುಡಿಯ ಹೊಸ್ತಿಲು ದಾಟಲು ಬಿಡದಿದ್ದವರ ಗೋಡೆಗೂ ಒಂದು ಮೊಳೆ ಸಾಕಾಯಿತು. ಅಚ್ಚುಕಲೆಯ ಚರಿತ್ರೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಆದರೆ ಆ ಪಟಗಳೆಲ್ಲಿ? ಹುಡುಕುತ್ತ ಸವದತ್ತಿ, ರಾಮದುರ್ಗ, ಕಿತ್ತೂರಿನ ಮನೆಗಳಿಗೆ ಹೋದೆ. ಮೊಳೆಗಳಿದ್ದವು, ಪಟವಿರಲಿಲ್ಲ. ಸವದತ್ತಿಯ ಹಿರಿಯಳೊಬ್ಬಳು ನನ್ನ ಪ್ರಶ್ನೆಗೇ ನಕ್ಕಳು: “ಮುಕ್ಕಾದ ದೇವರನ್ನ ಕಸಕ್ಕ ಒಗಿಯಾಕ ಬರತೈತೇನಪಾ? ಹೊಳಿಗೆ ಬಿಟ್ಟು ಕೈ ಮುಗದ್ವಿ.”

ನನ್ನ ಆಕರಗಳೆಲ್ಲ ಮಲಪ್ರಭೆಯ ಪಾಲಾಗಿದ್ದವು. ‘ಕ್ಯಾಲೆಂಡರ್ ಕಲೆ’ ಎಂದು ಮೂಗು ಮುರಿಯುವ ಓದಿದವರು ಅವನ್ನು ಕೂಡಿಡಲಿಲ್ಲ, ಅಗ್ಗವೆಂದು. ಮನೆಯವರೂ ಕೂಡಿಡಲಿಲ್ಲ, ಪವಿತ್ರವೆಂದು. ಈ ಎರಡು ಕಾರಣಗಳ ನಡುವೆ ಲಕ್ಷಾಂತರ ಜನ ದಿನಾ ನೋಡಿದ ಚಿತ್ರಗಳು ಕರಗಿಹೋದವು. ಹೊಳೆಗೆ ಬಿಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಚಿತ್ರಕ್ಕೆ ಕೊಡಬೇಕಾದ ಮರ್ಯಾದೆ ಕೊಟ್ಟೇ ಕಳಿಸಿದರು. ಓದಿದ ನಾವು ಅಷ್ಟನ್ನೂ ಮಾಡಲಿಲ್ಲ.

ಪಂಡಿತರು ಮುಂಬಯಿ ಬಿಟ್ಟು ಕಲಬುರಗಿಗೆ ಮರಳಿದ್ದರು, 1993ರಲ್ಲಿ ತೀರಿಕೊಂಡರು.

ಅಜ್ಜಿಯ ಮನೆ ಕೆಡವುವಾಗ ಮಾವ ಆ ಪಟವನ್ನೂ ಹೊಳೆಗೆ ಬಿಡಲು ಹೊರಟಿದ್ದ. ಬೇಡಿಕೊಂಡು ತಂದೆ. ಈಗ ಅದು ನನ್ನ ಹಾಸ್ಟೆಲ್ ಕೋಣೆಯಲ್ಲಿದೆ, ಅಳತೆ ಬರೆದು, ಸಂಖ್ಯೆ ಕೊಟ್ಟು ಇಟ್ಟಿದ್ದೇನೆ. ಅಜ್ಜಿ ಫೋನಿನಲ್ಲಿ ಮೊದಲು ಕೇಳುವುದು ಒಂದೇ: “ಊದಿನಕಡ್ಡಿ ಹಚ್ಚೀಯೋ ಇಲ್ಲೋ?”